ಕೊನೆಯ ಸಾಲಿನವನಿಗೆ ಕೇಳಿಸಿತೇ? ಆರ್. ನಾಗೇಂದ್ರರಾಯರ ಬಗ್ಗೆ ಕೆಲವು ಟಿಪ್ಪಣಿಗಳು

ಕೇಳಿಸದ ರಾವಣ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆ ಕಂಡಿತು. ಇಂದ್ರಜಿತು ಎಂ.ವಿ. ಸುಬ್ಬಯ್ಯನಾಯ್ಡು, ಸುಲೋಚನೆ ತ್ರಿಪುರಾಂಬ, ಮಂಡೋದರಿ ಲಕ್ಷ್ಮೀಬಾಯಿ, ರಾವಣ ಆರ್. ನಾಗೇಂದ್ರರಾವ್. ನಿರ್ದೇಶಕ ವೈ.ವಿ. ರಾವ್ ತಾವೇ ಲಕ್ಷ್ಮಣನ ವೇಷ ಹಾಕಿದ್ದರು. ದುಡ್ಡು ಹಾಕಿದವರು ಚಮನ್‌ಲಾಲ್ ಡೂಂಗಾಜಿ. ಕಥೆ, ಸಂಭಾಷಣೆ ಬೆಳ್ಳಾವೆ ನರಹರಿಶಾಸ್ತ್ರಿಗಳದು. ಸಿನಿಮಾ ಪ್ರಿಯರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಪಟ್ಟಿ ಒಪ್ಪಿಸುತ್ತಾರೆ. ಆದರೆ ಆ ಚಿತ್ರವನ್ನು ಇವತ್ತು ಯಾರೂ ನೋಡಲಾರರು. ಪ್ರಿಂಟ್ ಉಳಿದಿಲ್ಲ.

ಪ್ರತಿ ಮಾರ್ಚ್ 3ಕ್ಕೆ ಯಾರಾದರೊಬ್ಬರು ಈ ಚಿತ್ರವನ್ನು ನೆನೆಯುತ್ತಾರೆ. ಕನ್ನಡ ಸಿನಿಮಾ ಬಾಯಿಬಿಟ್ಟ ದಿನವಂತೆ ಅದು. ಏನು ಮಾತಾಡಿತು, ಯಾವ ದನಿಯಲ್ಲಿ ಮಾತಾಡಿತು ಎಂಬುದು ಮಾತ್ರ ಕೈತಪ್ಪಿಹೋಗಿದೆ. ಮಗುವಿನ ಮೊದಲ ಮಾತನ್ನು ಮನೆಮಂದಿಯೆಲ್ಲ ಮರೆತು, ಆಡಿದ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡ ಹಾಗೆ.

ನನ್ನನ್ನು ಕಾಡುವುದು ರಾವಣನ ದನಿ. ಕಥೆಯ ಕಣ್ಣೀರೆಲ್ಲ ಇಂದ್ರಜಿತು, ಸುಲೋಚನೆಯರ ಪಾಲಿಗೆ ಹೋಗುತ್ತದೆ, ನಿಜ. ಆದರೆ ನಾಟಕ ನೋಡಿ ಬೆಳೆದ ಅಂದಿನ ಪ್ರೇಕ್ಷಕನಿಗೆ ರಾವಣ ಎಂದರೆ ಮೊದಲು ದನಿ, ಆಮೇಲೆ ಕಿರೀಟ, ಹತ್ತು ತಲೆ ಎಲ್ಲ. ಡೇರೆಯ ಕೊನೆಯ ಸಾಲಿನವರೆಗೆ ಹೋಗಬೇಕಾದ ಆ ದನಿ ಮುಖದೆದುರಿನ ಮೈಕಿನೊಳಗೆ ಹೇಗೆ ಹಿಡಿಸಿತು?

ಓರಗೆಯವರು

ರಾವಣನಾದ ಈ ನಟನ ಪೂರ್ಣ ಹೆಸರು ರಟ್ಟಿಹಳ್ಳಿ ನಾಗೇಂದ್ರರಾವ್. ಹುಟ್ಟಿದ್ದು 1896ರಲ್ಲಿ, ಚಿತ್ರದುರ್ಗ ಸೀಮೆಯ ಹೊಳಲ್ಕೆರೆಯಲ್ಲಿ. ಅದೇ ವರ್ಷದ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೆರ್ ಸಹೋದರರ ಚಲನಚಿತ್ರಗಳನ್ನು ತೋರಿಸಿದರು. ನಮ್ಮ ದೇಶಕ್ಕೆ ಸಿನಿಮಾ ಬಂದದ್ದು ಅಂದೇ. ಅಂದರೆ ಈ ನಟನೂ ಭಾರತದ ಸಿನಿಮಾ ನೋಟವೂ ಒಂದೇ ವಯಸ್ಸಿನವರು. ‘ಆಲಂ ಆರಾ’ದಿಂದ ನಮ್ಮ ಸಿನಿಮಾ ಮಾತು ಕಲಿತದ್ದು 1931ರಲ್ಲಿ. ಆ ಹೊತ್ತಿಗೆ ನಾಗೇಂದ್ರರಾಯರು ರಂಗದ ಮೇಲೆ ಮಾತಾಡಿ, ಹಾಡಿ ವರ್ಷಗಟ್ಟಲೆ ಪಳಗಿದ್ದರು. ‘ಸುಲೋಚನಾ’ಕ್ಕೂ ಮೊದಲು ಮುಂಬೈಗೆ ಹೋಗಿ, ಅಲ್ಲಿ ತಯಾರಾಗುತ್ತಿದ್ದ ದಕ್ಷಿಣದ ಭಾಷೆಗಳ ಚಿತ್ರಗಳಲ್ಲಿ ಮುಖ ತೋರಿಸಿಯೂ ಬಂದಿದ್ದರು.

ಮಾತು ಬಂದ ಮೇಲೆ ಸಿನಿಮಾದವರು ನಾಟಕದ ಕಂಪನಿಗಳ ಬಾಗಿಲು ತಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನಾಗೇಂದ್ರರಾಯರಂಥವರಿಗೆ ಹೊಸ ಕೆಲಸ ಹುಡುಕಬೇಕಾಗಿ ಬರಲಿಲ್ಲ, ಕೆಲಸವೇ ಅವರನ್ನು ಹುಡುಕಿಕೊಂಡು ಬಂತು. ಅವರ ಕಂಠ ಆಗಲೇ ಡೇರೆಗಳಲ್ಲಿ ತಯಾರಾಗಿತ್ತು. ಬಂದವರು ಆ ಕಂಠದ ಜೊತೆಗೆ ಡೇರೆಯ ಅಭ್ಯಾಸಗಳನ್ನೂ ತಂದಿರಬೇಕಲ್ಲ, ಅವುಗಳ ಗತಿ ಏನಾಯಿತು?

ಡೇರೆಯ ಲೆಕ್ಕ

ಕಂಪನಿ ನಾಟಕದ ಶಾಲೆ ಹೇಗಿತ್ತೆಂದು ಬರೆದಿಟ್ಟುಕೊಂಡರೆ ಮುಂದಿನದು ಸ್ವಲ್ಪ ಸ್ಪಷ್ಟವಾದೀತು.

ಮೈಕಿಲ್ಲ. ಮುಂದೆ ಕುರ್ಚಿಗಳು, ಆಮೇಲೆ ಬೆಂಚು, ಅದರ ಹಿಂದೆ ಗ್ಯಾಲರಿ. ಕಡಿಮೆ ದುಡ್ಡು ಕೊಟ್ಟವನು ದೂರ ಕೂತಿರುತ್ತಾನೆ. ಶಿಳ್ಳೆ ಹೊಡೆಯುವವನೂ ಅವನೇ, ‘ವನ್ಸ್‌ ಮೋರ್’ ಎನ್ನುವವನೂ ಅವನೇ, ಕೇಳಿಸದಿದ್ದರೆ ಗಲಾಟೆ ಎಬ್ಬಿಸುವವನೂ ಅವನೇ. ಕಂಪನಿ ಆ ಊರಿನಲ್ಲಿ ಇನ್ನೊಂದು ವಾರ ಕ್ಯಾಂಪ್ ಮಾಡಬೇಕೋ ಗಂಟುಮೂಟೆ ಕಟ್ಟಬೇಕೋ ಎಂದು ತೀರ್ಮಾನಿಸುವವನೂ ಅವನೇ. ಹೀಗಾಗಿ ನಟನ ದನಿ ಅವನಿಗಾಗಿಯೇ ತಯಾರಾಗುತ್ತಿತ್ತು. ಕಾಲುಪೆಟ್ಟಿಗೆಯ ಶ್ರುತಿ ಹಿಡಿದು ಪದ್ಯ ಎತ್ತಿದರೆ ಅದು ಗ್ಯಾಲರಿಯ ಕಂಬಕ್ಕೆ ಬಡಿದು ಬರಬೇಕು.

ಕಣ್ಣಿಗೂ ಇದೇ ನಿಯಮ. ದೂರದವನಿಗೆ ಕಣ್ಣೀರು ಕಾಣದು, ಕಣ್ಣೊರೆಸುವ ಕೈ ಕಾಣುತ್ತದೆ. ಆದ್ದರಿಂದ ದುಃಖಕ್ಕೆ ಕೈ ಎತ್ತಬೇಕು, ಸಿಟ್ಟಿಗೆ ಹೆಜ್ಜೆ ಹಾಕಬೇಕು, ಗತ್ತಿಗೆ ಮೀಸೆಯ ಮೇಲೆ ಬೆರಳಾಡಬೇಕು. ಇದನ್ನೇ ನಾವು ಈಗ ಮೂಗು ಮುರಿದು ‘ನಾಟಕೀಯ’ ಎನ್ನುತ್ತೇವೆ. ಆ ಡೇರೆಯಲ್ಲಿ ಮಾತ್ರ ಅದು ಅತಿಯಾಗಿರಲಿಲ್ಲ, ಅಳೆದು ಮಾಡಿದ್ದಾಗಿತ್ತು. ಎಷ್ಟು ದೂರವೋ ಅಷ್ಟು ದೊಡ್ಡದು.

1934ರ ಎರಡು ದಾರಿಗಳು

ಒಂದೇ ವರ್ಷದ ಎರಡು ಸಂಗತಿಗಳನ್ನು ಅಕ್ಕಪಕ್ಕ ಬರೆದುಕೊಂಡೆ. ‘ಸತಿ ಸುಲೋಚನಾ’ ಬಂದ 1934ರಲ್ಲೇ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕವನ್ನು ನಿಜವಾದ ಆನೆ, ಕುದುರೆ, ರಥಗಳ ಸಮೇತ ರಂಗಕ್ಕೇರಿಸಿತು. ನಾಟಕ ದೊಡ್ಡದಾಗಬೇಕೆಂದು ಹೊರಟಿತ್ತು. ಸಿನಿಮಾ ಅದೇ ಹೊತ್ತಿಗೆ ನಟನ ಮುಖದ ಹತ್ತಿರ ಹತ್ತಿರ ಬರುತ್ತಿತ್ತು. ಇದು ಕಾಕತಾಳೀಯವೇ? ಸಿನಿಮಾದ ಪೈಪೋಟಿಗೆ ಕಂಪನಿಗಳು ಆನೆಯ ಮೊರೆ ಹೋದವೆಂದು ಹೇಳಿಬಿಡುವುದು ಸುಲಭ. ಆದರೆ ರಂಗದ ಮೇಲಿನ ವೈಭವದ ಚಟ ವೀರಣ್ಣನವರಿಗೆ ಮೊದಲಿಂದಲೂ ಇತ್ತು.

ನನಗೆ ಮುಖ್ಯವೆನಿಸಿದ್ದು ನಟನ ಪಾಡು. ಆನೆಯ ಪಕ್ಕ ನಿಂತು ಮಾತಾಡಲು ಒಂದು ದನಿ ಬೇಕು, ಮೈಕಿನ ಮುಂದೆ ನಿಂತು ಮಾತಾಡಲು ಇನ್ನೊಂದು. ಒಂದೇ ತಲೆಮಾರಿನ ನಟರು ಇವೆರಡನ್ನೂ ಒಟ್ಟಿಗೆ ಕಲಿಯಬೇಕಾಯಿತು.

ಕೊಲ್ಹಾಪುರದ ಮೈಕು

‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬೆಂಗಳೂರಿನಲ್ಲಿ ಆಗ ವಾಕ್ಚಿತ್ರ ತೆಗೆಯುವ ಸೌಕರ್ಯ ಇರಲಿಲ್ಲ. ಖರ್ಚು ನಲವತ್ತು ಸಾವಿರ ರೂಪಾಯಿಯ ಆಸುಪಾಸು ಎಂದು ಚಿತ್ರರಂಗದ ಇತಿಹಾಸ ಬರೆದವರು ಹೇಳುತ್ತಾರೆ.

ಹಿನ್ನೆಲೆ ಗಾಯನದ ಪದ್ಧತಿ ಭಾರತದ ಸಿನಿಮಾಕ್ಕೆ ಬಂದದ್ದು 1935ರಲ್ಲಿ. ಅದಕ್ಕೆ ಮೊದಲು ನಟಿಸುವವರೇ ಹಾಡಬೇಕು, ಅದೂ ಕ್ಯಾಮೆರಾ ತಿರುಗುತ್ತಿರುವಾಗಲೇ. ಮೈಕು ಒಂದು ದಿಕ್ಕಿಗೆ ಮುಖ ಮಾಡಿ ಕಣ್ಣಿಗೆ ಬೀಳದಂತೆ ಎಲ್ಲೋ ಅಡಗಿರುತ್ತದೆ. ಮುಖ ತಿರುಗಿಸಿದರೆ ದನಿ ಹೋಯಿತು, ಹೆಜ್ಜೆ ಸರಿಸಿದರೆ ದನಿ ಹೋಯಿತು. ವಾದ್ಯದವರೂ ಚೌಕಟ್ಟಿನಾಚೆ ಅಲ್ಲೇ ಹತ್ತಿರದಲ್ಲಿರಬೇಕು. ರಂಗದುದ್ದಕ್ಕೂ ಓಡಾಡಿ ರೂಢಿಯಾದ ರಾವಣನನ್ನು ಒಂದೇ ಕಡೆ ಕಟ್ಟಿಹಾಕಿದರೆ ಹೇಗೆ?

ನನ್ನ ಗೊಂದಲ ಶುರುವಾಗುವುದು ಇಲ್ಲಿ. ಕಂಪನಿಯ ನಟರು ಸಿನಿಮಾಕ್ಕೆ ಬಂದು ಕೂಗಿದರು, ಮುಂದಿನವರು ಬಂದು ಸಹಜವಾಗಿ ಮಾತಾಡಲು ಕಲಿಸಿದರು ಎಂದು ಮೊದಲಿಂದಲೂ ಓದುತ್ತ ಬಂದಿದ್ದೇವೆ. ಆದರೆ ಯಾವ ನಟ ‘ಕೂಗಿದ’ ಎಂದು ಈ ಕಥೆ ಹೇಳುತ್ತದೋ ಅದೇ ನಟ ಮೂವತ್ತನಾಲ್ಕು ವರ್ಷಗಳ ನಂತರ ‘ಹಣ್ಣೆಲೆ ಚಿಗುರಿದಾಗ’ ಚಿತ್ರದಲ್ಲಿ ಮನೆಯ ಪಡಸಾಲೆಯಲ್ಲಿ ಕೂತು ಮಾತಾಡುವುದನ್ನು ನಾವು ನೋಡಬಹುದು. ಅಲ್ಲಿ ಕೂಗು ಕಾಣುವುದಿಲ್ಲ. ಯಾರು ಕಲಿಸಿದರು ಅವರಿಗೆ?

ಜೋಡಿ

ನಾಗೇಂದ್ರರಾಯರನ್ನು ಒಬ್ಬರನ್ನೇ ನೆನೆಯಲು ಆಗದು. ಜೊತೆಗೆ ಸುಬ್ಬಯ್ಯನಾಯ್ಡು ಬರುತ್ತಾರೆ. ಇಬ್ಬರೂ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸಿದರು. ತೆರೆಯ ಮೇಲೆ ಅಪ್ಪ ಮಗ, ರಾವಣ ಇಂದ್ರಜಿತು. ತೆರೆಯ ಹಿಂದೆ ಪಾಲುದಾರರು.

ಸಿನಿಮಾ ಕೈಹಿಡಿದ ಮೇಲೂ ಇವರು ನಾಟಕ ಬಿಡಲಿಲ್ಲ ಏಕೆ? ಕಾರಣ ಹೊಟ್ಟೆಪಾಡಿನದು. ಮೂವತ್ತರ ದಶಕದ ಕೊನೆಗೆ ಒಂದೂ ಕನ್ನಡ ಚಿತ್ರ ಬಾರದ ವರ್ಷಗಳಿವೆ. ಸಿನಿಮಾ ಆಗ ಅಪರೂಪದ ಅತಿಥಿ, ನಾಟಕ ದಿನದ ದುಡಿಮೆ. ಬೆಳಗ್ಗೆ ಕ್ಯಾಮೆರಾಕ್ಕೂ ರಾತ್ರಿ ಗ್ಯಾಲರಿಗೂ ನಟಿಸಬಲ್ಲವನೇ ಬದುಕಿಕೊಂಡ. ಈ ಹೋಗಿಬರುವಿಕೆಯೇ ಮೇಷ್ಟರ ಕೆಲಸ ಮಾಡಿರಬಹುದೇ ಎಂದು ಅಂಚಿನಲ್ಲಿ ಬರೆದುಕೊಂಡಿದ್ದೇನೆ. ಒಂದೇ ಅಳತೆಯಲ್ಲಿ ಬೆಳೆದವನಿಗೆ ತನ್ನ ಅಳತೆ ಕಾಣುವುದಿಲ್ಲ. ಎರಡರ ನಡುವೆ ಓಡಾಡುವವನಿಗೆ ಕಾಣುತ್ತದೆ.

ಶಕಾರ

1941ರಲ್ಲಿ ‘ವಸಂತಸೇನಾ’ ಬಂತು. ಶೂದ್ರಕನ ‘ಮೃಚ್ಛಕಟಿಕ’ದ ಕಥೆ. ಸುಬ್ಬಯ್ಯನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ, ನಾಗೇಂದ್ರರಾಯರು ಶಕಾರ.

ರಾಜನ ಮೈದುನನೆಂಬ ಮದ ಬಿಟ್ಟರೆ ಶಕಾರನಿಗೆ ಬೇರೇನೂ ಇಲ್ಲ. ಅವನು ಹೆಡ್ಡ, ಹೇಡಿ, ಹಾಗಿದ್ದೂ ಕೊಲೆಗೆ ಹೇಸದವನು. ಪುರಾಣ ಗೊತ್ತಿದೆ ಎಂಬ ಬಡಾಯಿ ಬೇರೆ. ಮೂಲ ನಾಟಕದಲ್ಲಿ ಅವನು ರಾಮಾಯಣ, ಮಹಾಭಾರತಗಳನ್ನು ಕಲಸಿ ಹಾಕುತ್ತಾನೆ. ರಾವಣನೂ ಕುಂತಿಯೂ ಅವನ ಪಾಲಿಗೆ ಒಂದೇ ಕಥೆಯ ಪಾತ್ರಗಳು. ಏಳು ವರ್ಷಗಳ ಹಿಂದೆ ಗಂಭೀರ ರಾವಣನಾದವರು ಈಗ ರಾವಣ ಯಾರೆಂದೇ ತಿಳಿಯದ ಶಕಾರ! ಪಾತ್ರ ಹಂಚುವಾಗ ಈ ತಮಾಷೆ ಯಾರಿಗಾದರೂ ಹೊಳೆದಿತ್ತೋ ಏನೋ.

ಈ ಪಾತ್ರ ನಟನಿಗೊಂದು ಪರೀಕ್ಷೆ. ರಾವಣನಿಗೆ ದನಿ ಏರಿದಷ್ಟೂ ಗತ್ತು. ಶಕಾರನಿಗೆ ಏರಿದಷ್ಟೂ ನಗೆಪಾಟಲು. ಗಂಟಲು ಅದೇ, ಕಂಪನಿಯ ಕಸರತ್ತೂ ಅದೇ, ಫಲ ಮಾತ್ರ ಉಲ್ಟಾ. ಕಂಪನಿಯ ನಟರಿಗೆ ಕೂಗುವುದೊಂದೇ ಗೊತ್ತಿತ್ತು ಎನ್ನುವವರು ಈ ಎರಡು ಪಾತ್ರಗಳನ್ನು ಪಕ್ಕಪಕ್ಕ ಇಟ್ಟು ಯೋಚಿಸಬೇಕು.

ಬೇರೆಯವರ ಗಂಟಲು

ಈ ಟಿಪ್ಪಣಿಗೆ ನಾನು ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

1943ರಲ್ಲಿ ನಾಗೇಂದ್ರರಾಯರು ‘ಸತ್ಯ ಹರಿಶ್ಚಂದ್ರ’ ನಿರ್ದೇಶಿಸಿದರು. ಸುಬ್ಬಯ್ಯನಾಯ್ಡು ಹರಿಶ್ಚಂದ್ರ. ನಿರ್ಮಾಪಕ ಎ.ವಿ. ಮೇಯ್ಯಪ್ಪನ್ ಮರುವರ್ಷ ಅದಕ್ಕೆ ತಮಿಳು ಮಾತು ಕೂಡಿಸಿ ಬಿಡುಗಡೆ ಮಾಡಿದರು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರ ಇದೇ ಎಂದು ದಾಖಲೆ.

ಡಬ್ಬಿಂಗ್ ವಿರೋಧಿಸಿ ಚಳವಳಿಯನ್ನೇ ಕಟ್ಟಿದ ಚಿತ್ರರಂಗ ನಮ್ಮದು. ಅರವತ್ತರ ದಶಕದಲ್ಲಿ ಕಾದಂಬರಿಕಾರ ಅನಕೃ, ಕನ್ನಡ ಚಳವಳಿಗಾರ ಮ. ರಾಮಮೂರ್ತಿಯವರಂಥವರು ಇದಕ್ಕಾಗಿ ಬೀದಿಗಿಳಿದರು. ಆಮೇಲೆ ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಚಿತ್ರ ಬರದಂತೆ ಕಟ್ಟಲೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆಯೇ ಬಾಗಿಲು ತೆರೆದದ್ದು. ಹಾಗಿದ್ದೂ ದೇಶಕ್ಕೆ ಮೊದಲು ಡಬ್ ಆಗಿ ಹೋದದ್ದು ನಮ್ಮದೇ ಚಿತ್ರ. ಹೊರಗೆ ಕಳಿಸುವುದು ಬೇರೆ, ಒಳಗೆ ಬಿಟ್ಟುಕೊಳ್ಳುವುದು ಬೇರೆ ಎಂಬ ವಾದ ಇದೆ, ಅದರಲ್ಲಿ ತಿರುಳೂ ಇದೆ. ಮಾರುಕಟ್ಟೆ ಚಿಕ್ಕದಿದ್ದವನಿಗೆ ಕಳಿಸುವುದು ಬದುಕು, ಬಿಟ್ಟುಕೊಳ್ಳುವುದು ಭಯ.

ಆದರೆ ನನ್ನ ಪ್ರಶ್ನೆ ನಟನದು. ಬದುಕೆಲ್ಲ ಗಂಟಲನ್ನೇ ನಂಬಿ ಬಂದವರು ನಾಗೇಂದ್ರರಾಯರು. ಅವರ ಕೈಕೆಳಗೆ ತಯಾರಾದ ಚಿತ್ರದಲ್ಲಿ ಕನ್ನಡದ ನಟರ ತುಟಿಗಳಿಗೆ ಬೇರೆ ಯಾರದೋ ದನಿ ಕೂಡಿಸಿದರು. ದನಿ ಹೋದ ಮೇಲೂ ಮುಖ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ? ಗ್ಯಾಲರಿಗಾಗಿ ತಯಾರಾದ ನಟ ಕ್ಯಾಮೆರಾದ ಹಿಂದೆ ನಿಂತು, ಕಣ್ಣು, ಹುಬ್ಬು, ಉಸಿರುಗಳ ಬೆಲೆಯನ್ನು ಅಲ್ಲೇ ಕಂಡುಕೊಂಡಿರಬೇಕು ಎಂಬುದು ನನ್ನ ಊಹೆ. ಮೊದಲು ಕೇಳಿದ ‘ಯಾರು ಕಲಿಸಿದರು’ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ.

ಮಕ್ಕಳು

ನಾಟಕದವರ ಮಕ್ಕಳು ನಾಟಕದವರಾಗುವುದು ವಿಶೇಷವಲ್ಲ. ಈ ಮನೆಯಲ್ಲಿ ಅಪ್ಪನ ಕೆಲಸವೇ ಮೂರು ಪಾಲಾಗಿ ಹಂಚಿಹೋಯಿತು. ಆರ್.ಎನ್. ಜಯಗೋಪಾಲ್ ಹಾಡು ಬರೆದರು, ಆರ್.ಎನ್.ಕೆ. ಪ್ರಸಾದ್ ಕ್ಯಾಮೆರಾ ಹಿಡಿದರು, ಆರ್.ಎನ್. ಸುದರ್ಶನ್ ನಟರಾದರು. ಒಬ್ಬರಿಗೆ ಮಾತು, ಒಬ್ಬರಿಗೆ ನೋಟ, ಒಬ್ಬರಿಗೆ ವೇಷ. ಕಂಪನಿ ನಾಟಕದ ಯಜಮಾನ ಈ ಮೂರನ್ನೂ ಒಬ್ಬನೇ ಹೊತ್ತಿರುತ್ತಿದ್ದ. ಸಿನಿಮಾ ಅವನ್ನು ಮೂರು ಬೇರೆ ಬೇರೆ ಕಸುಬುಗಳಾಗಿ ಒಡೆಯಿತು.

1957ರ ‘ಪ್ರೇಮದ ಪುತ್ರಿ’, 1961ರ ‘ವಿಜಯನಗರದ ವೀರಪುತ್ರ’ ಎರಡನ್ನೂ ಅಪ್ಪನೇ ನಿರ್ದೇಶಿಸಿದರು. ಎರಡನೆಯದರಲ್ಲಿ ಸುದರ್ಶನ್ ನಾಯಕ. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ನಾಡಿನ ವೈಭವ ಸಾರುವ ಅದರ ಹಾಡು ಇಂದಿಗೂ ರಾಜ್ಯೋತ್ಸವದ ವೇದಿಕೆಗಳಲ್ಲಿ ಕೇಳಿಬರುತ್ತದೆ. ಬರೆದವರು ಜಯಗೋಪಾಲ್. ಜೊತೆಗಾರ ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್ ಮುಂದೆ ‘ಭೂತಯ್ಯನ ಮಗ ಅಯ್ಯು’, ‘ಪರಸಂಗದ ಗೆಂಡೆತಿಮ್ಮ’ ಚಿತ್ರಗಳಲ್ಲಿ ಕಾಣಿಸಿದರು. ಇಂದ್ರಜಿತುವಿನ ಮಗ ಗೆಂಡೆತಿಮ್ಮನಾದದ್ದು! ಕಿರೀಟದಿಂದ ಹಳ್ಳಿಯ ವ್ಯಾಪಾರಿಯ ಗಂಟಿನವರೆಗಿನ ಈ ದೂರವನ್ನು ಕನ್ನಡ ಅಭಿನಯ ಎರಡೇ ತಲೆಮಾರಿನಲ್ಲಿ ನಡೆದು ಮುಗಿಸಿತು.

ಪಡಸಾಲೆಯ ಯಜಮಾನ

ಈಗ 1968ರ ‘ಹಣ್ಣೆಲೆ ಚಿಗುರಿದಾಗ’. ತ್ರಿವೇಣಿಯವರ ಕಾದಂಬರಿ, ಎಂ.ಆರ್. ವಿಠ್ಠಲ್ ನಿರ್ದೇಶನ, ರಾಜ್‌ಕುಮಾರ್, ಕಲ್ಪನಾ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮಗಳ ತಂದೆ ನಾಗೇಂದ್ರರಾಯರು. ಆಗ ಅವರಿಗೆ ಎಪ್ಪತ್ತರ ಮೇಲೆ.

ಇಲ್ಲಿ ಕಿರೀಟವಿಲ್ಲ, ಕಂದಪದ್ಯವಿಲ್ಲ. ಒಂದು ಕುರ್ಚಿ, ಒಂದು ಮನೆ, ಆ ಮನೆಯ ಮರ್ಯಾದೆ ತನ್ನ ಮಾತಿನ ಮೇಲೆ ನಿಂತಿದೆ ಎಂದು ನಂಬಿದ ಯಜಮಾನ. ಅವನ ಅಧಿಕಾರ ದೊಡ್ಡದೇ. ಮಗಳ ಬದುಕು ಮುಂದೆ ಹೇಗಿರಬೇಕೆಂದು ಹೇಳುವವನು ಅವನು. ರಾವಣನ ಮನೆಯಲ್ಲೂ ಸೊಸೆ ಸುಲೋಚನೆ ಗಂಡನನ್ನು ಕಳೆದುಕೊಂಡಳು. ಅಲ್ಲಿ ಅದು ಲಂಕೆಯ ದುರಂತ, ಇಲ್ಲಿ ಒಂದು ಪಡಸಾಲೆಯ ಸಂಕಟ. ಪುರಾಣ ಸಹಗಮನಕ್ಕೆ ಕೈಮುಗಿಯಿತು, ಕಾದಂಬರಿ ಮರುಮದುವೆಯ ಪ್ರಶ್ನೆ ಎತ್ತಿತು. ವಿಧವೆಯ ಎದುರು ನಿಂತ ಮನೆಯ ಹಿರಿಯನ ಪಾತ್ರ ಎರಡು ಕಡೆಯೂ ಒಬ್ಬರದೇ. ಅಷ್ಟೂ ದಾರಿಯನ್ನು ಒಬ್ಬ ನಟ ಒಂದೇ ಆಯುಷ್ಯದಲ್ಲಿ ನಡೆದುಬಂದ ಬೇರೆ ನಿದರ್ಶನ ನನಗೆ ಹೊಳೆಯುತ್ತಿಲ್ಲ.

ಮತ್ತೊಂದು ಮಾತು. ಕಂಪನಿ ನಾಟಕದಲ್ಲಿ ಅರವತ್ತರ ನಟನೂ ಬಣ್ಣ ಬಳಿದುಕೊಂಡು ಕೃಷ್ಣನಾಗಬಹುದು. ದೂರ ಅವನನ್ನು ಕಾಪಾಡುತ್ತದೆ. ಕ್ಯಾಮೆರಾ ಕಾಪಾಡುವುದಿಲ್ಲ. ಹಾಗಾಗಿ ಎಷ್ಟೋ ರಂಗನಟರು ವಯಸ್ಸಾದಂತೆ ಸಿನಿಮಾದಿಂದ ಜಾರಿಹೋದರು. ನಾಗೇಂದ್ರರಾಯರು ಸುಕ್ಕನ್ನೇ ಪಾತ್ರಕ್ಕೆ ಕೊಟ್ಟರು. ಇದೂ ದೂರ ಅಳೆದು ಮಾಡಿದ ತೀರ್ಮಾನವೇ.

ಉಳಿಕೆಯ ಲೆಕ್ಕ

1976ರಲ್ಲಿ ಪದ್ಮಶ್ರೀ ಬಂತು, 1977ರಲ್ಲಿ ನಾಗೇಂದ್ರರಾಯರು ತೀರಿಕೊಂಡರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ‘ಸುಲೋಚನಾ’ ಬಂದು ಮೂವತ್ತು ವರ್ಷಗಳಾದ ಮೇಲೆ. ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಗೆ ಬಲು ಬೇಗ ತುತ್ತಾಗುವಂಥದ್ದು, ತಾನಾಗಿಯೂ ಕೊಳೆಯುವಂಥದ್ದು. ಓಡಿ ಸವೆದ ಪ್ರಿಂಟುಗಳಿಂದ ಬೆಳ್ಳಿ ತೆಗೆಯುವ ವ್ಯಾಪಾರವೂ ನಮ್ಮ ದೇಶದಲ್ಲಿತ್ತು. ಹಳೆಯ ಚಿತ್ರಗಳು ಹೀಗೆ ಸಾಲುಸಾಲಾಗಿ ಹೋದವು.

ಹಾಗಾಗಿ ಈ ನಟನನ್ನು ಪೂರ್ತಿ ನೋಡುವುದು ಆಗದ ಮಾತು. ರಂಗದ ಮೇಲಿನ ವರ್ಷಗಳು ಹೋದವು, ರಾವಣನೂ ಹೋದ. ಉಳಿದದ್ದು ಬಹುಮಟ್ಟಿಗೆ ಮುದುಕನ ಪಾತ್ರಗಳು. ಮುಪ್ಪನ್ನು ನೋಡಿ ಪ್ರಾಯವನ್ನು ಊಹಿಸಬೇಕು. ‘ಅಯ್ಯೋ, ಆ ಕಾಲದವರದು ಬರೀ ಕಿರುಚಾಟ’ ಎಂದು ತೀರ್ಪು ಕೊಡುವವರು ಯಾವ ಪ್ರಿಂಟು ನೋಡಿ ಹೇಳುತ್ತಾರೆ ಎಂಬುದು ನನ್ನ ಕೊನೆಯ ಗೊಂದಲಗಳಲ್ಲೊಂದು.

ಅಳತೆ

ಇಷ್ಟು ಬರೆದ ಮೇಲೆ ನನಗೆ ನಿಲುಕಿದ್ದು ಇದು. ನಾಗೇಂದ್ರರಾಯರು ದೊಡ್ಡ ನಟನೆ ಬಿಟ್ಟು ಚಿಕ್ಕ ನಟನೆ ಕಲಿತರು ಎನ್ನುವುದು ಸರಿಯಲ್ಲ. ಅವರು ಮೊದಲಿಂದಲೂ ಮಾಡಿದ್ದು ಒಂದೇ ಕೆಲಸ, ನೋಡುವವನು ಎಷ್ಟು ದೂರ ಕೂತಿದ್ದಾನೆ ಎಂದು ಅಳೆದು ಅಷ್ಟಕ್ಕೇ ದನಿ, ಕೈ, ಕಣ್ಣು ಹೊಂದಿಸುವುದು. ಗ್ಯಾಲರಿಗೆ ಒಂದಳತೆ, ಕೊಲ್ಹಾಪುರದ ಮೈಕಿಗೆ ಒಂದಳತೆ, ವಿಠ್ಠಲ್ ಅವರ ಕ್ಯಾಮೆರಾಕ್ಕೆ ಒಂದಳತೆ. ಕೊನೆಯ ಸಾಲಿನವನಿಗೆ ಕೇಳಿಸಿತೇ ಎಂಬ ಕಂಪನಿಯ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. ಕೊನೆಯ ಸಾಲು ಹತ್ತಿರ ಬರುತ್ತಾ ಹೋಯಿತು, ಅಷ್ಟೆ.

ಈ ಲೆಕ್ಕ ಹಿಡಿದು ಈಗಿನ ನಟರನ್ನು ನೋಡಿದರೆ ಇನ್ನೊಂದು ಕುತೂಹಲ ಹುಟ್ಟುತ್ತದೆ. ಇವತ್ತು ಒಂದೇ ದೃಶ್ಯವನ್ನು ಒಬ್ಬ ಮಲ್ಟಿಪ್ಲೆಕ್ಸಿನ ದೊಡ್ಡ ತೆರೆಯ ಮೇಲೆ ನೋಡುತ್ತಾನೆ, ಇನ್ನೊಬ್ಬ ಬಸ್ಸಿನಲ್ಲಿ ಕೂತು ಅಂಗೈಯಲ್ಲಿ ನೋಡುತ್ತಾನೆ. ಒಬ್ಬನಿಗೆ ನಟನ ಹುಬ್ಬು ಒಂದಾಳೆತ್ತರ, ಇನ್ನೊಬ್ಬನಿಗೆ ಎಳ್ಳು ಕಾಳು. ಕೊನೆಯ ಸಾಲು ಎಲ್ಲಿದೆ ಎಂದು ನಾಗೇಂದ್ರರಾಯರಿಗೆ ಪ್ರತಿ ಸಲವೂ ತಿಳಿದಿತ್ತು. ಈಗಿನವರು ಯಾವ ಸಾಲಿಗೆಂದು ದನಿ ಎತ್ತಬೇಕು? ಇವರಿಗೆ ಪಾಠ ಹೇಳುವ ಡೇರೆಯನ್ನು ಇನ್ನೂ ಯಾರೂ ಹಾಕಿದಂತಿಲ್ಲ.